ಗುಬ್ಬಿ ಬಸ್ಸಿನಲ್ಲಿ ಸಿಕ್ಕ ಗ್ಯಾಬೊನ್

"ಇದು ಗ್ಯಾಬೊನ್ ಅಲ್ವಾ ಮೇಡಂ?"

ಗುಬ್ಬಿಯಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ, ನನ್ನ ತೊಡೆಯ ಮೇಲಿದ್ದ ನಕ್ಷೆಯನ್ನು ನೋಡಿ ಪಕ್ಕದ ಸೀಟಿನ ಹೆಂಗಸು ಕೇಳಿದಾಗ ಬೆಚ್ಚಿಬಿದ್ದೆ. ಆಫ್ರಿಕಾದ ಆ ಕಾಡಿನ ದೇಶಕ್ಕೆ ಆನೆ, ಗೊರಿಲ್ಲಾ ನೋಡಲು ಹೊರಟಿದ್ದೇನೆಂದರೆ, ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅದೆಲ್ಲಿದೆ ಎಂದು ಕೇಳಿದವರೇ ಹೆಚ್ಚು.

ಆಕೆ ಹಕ್ಕಿಪಿಕ್ಕಿ ಸಮುದಾಯದವರು. ಕಾಲ ಬಳಿಯ ಚೀಲದಲ್ಲಿ ಕೂದಲಿಗೆ ಹಚ್ಚುವ ಎಣ್ಣೆಯ ಬಾಟಲಿಗಳಿದ್ದವು. ಅದೇ ಎಣ್ಣೆ ಮಾರಲು ಗಂಡನ ಜೊತೆ ಮೂರು ಸಲ ಗ್ಯಾಬೊನಿಗೆ ಹೋಗಿ ಬಂದಿದ್ದರಂತೆ!

"ಅಲ್ಲಿನ ಆನೆ ನೋಡಿದ್ದೀರಾ?" ಆಸೆಯಿಂದ ಕೇಳಿದೆ.

"ಒಂದೇ ಸಲ. ನಮ್ ವ್ಯಾನ್ ಮುಂದೆ ರೋಡ್ ದಾಟ್ತು. ನಮ್ಮೂರ್ ಆನೆಗಿಂತ ಗಿಡ್ಡ, ಕೋರೆ ನೆಟ್ಟಗೆ ನೆಲ ನೋಡ್ತವೆ. ಕಾಡೊಳಕ್ಕೆ ಹೋಗಿ ನೋಡಣ ಅಂದ್ರೆ, ಯಾಪಾರ ಬುಟ್ಟು ಹೋಗಕ್ಕಾಯ್ತದಾ? ನೀವ್ ಯಾವಾಗ ಹೋಗ್ತೀರಾ?"

ನವೆಂಬರಿಗೆ ಎಂದೆ. ಮರುದಿನವೇ ಟಿಕೆಟ್ ಮಾಡಿಸುವುದಿತ್ತು.

"ಅಯ್ಯೋ, ಆಗ ಬೇಡ ಮೇಡಂ, ಭಾರಿ ಮಳೆ! ಮಣ್ ರೋಡಲ್ಲಿ ಗಾಡಿ ಹೂತ್ಕೊಂಡು ನಾವು ಎರಡು ದಿನ ಅಲ್ಲೇ ಇದ್ವಿ. ಜುಲೈನಲ್ಲಿ ಹೋಗಿ."

ದಾರಿಯುದ್ದಕ್ಕೂ ನಾನು ಕೇಳುತ್ತಲೇ ಇದ್ದೆ, ಅವರು ಹೇಳುತ್ತಲೇ ಇದ್ದರು. ತುಮಕೂರಿನಲ್ಲಿ ಇಳಿಯುವಾಗ ನನ್ನ ಫೋನ್ ತೆಗೆದುಕೊಂಡು ತಮ್ಮ ನಂಬರ್ ತಾವೇ ಒತ್ತಿದರು. "ಕಾಡೊಳಗಿನ ಫೋಟೊ ನಂಗೂ ಕಳ್ಸಿ."

ಪ್ರವಾಸವೀಗ ಜುಲೈಗೆ ನಿಗದಿಯಾಗಿದೆ. ಮೂರು ಸಲ ಹೋದರೂ ಆ ಕಾಡಿನ ಅಂಚಿನಿಂದಲೇ ಮರಳಿದ ಒಬ್ಬರ ಪಾಲಿನದನ್ನೂ ನಾನು ನೋಡಿ ಬರಬೇಕಿದೆ.