ಬರೆ ಹಾಕುವವನನ್ನು ಬರಿಗೈಯಲ್ಲಿ ಕಳಿಸಿದ್ದು

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮರುವರ್ಷ ನಾನು ಭಾಲ್ಕಿಯ ಮನೆಯೊಂದರಲ್ಲಿ ಹಿರಿಸೊಸೆಯ ಹುದ್ದೆಯಲ್ಲಿದ್ದೆ. ರಜೆಯಿಲ್ಲದ ಹುದ್ದೆ. ಒಂದು ಸೋಮವಾರ ಪೂಜೆ ಮುಗಿಸಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ನೆಗೆಣ್ಣಿ, ಮೈದುನನ ಹೆಂಡತಿ, ಓಡಿಬಂದಳು.

“ಅಕ್ಕಾ, ಅತ್ತಿ ಬರಿ ಹಾಕಾಂವಗ ಕರಸ್ಯಾರ. ನೀಲಾಗ ಇವತ್ತೇ ಅಂತ!”

ನೀಲಾ ನನ್ನ ಐದು ವರ್ಷದ ಮಗಳು. ರಜಾಕಾರರ ದಂಡಿನ ಹಾವಳಿಯಲ್ಲಿ ಊರು ಬಿಟ್ಟು, ಸಂಸ್ಥಾನದ ಗಡಿಯಾಚೆ ತಿಂಗಳುಗಟ್ಟಲೆ ಗಂಜಿ ಕುಡಿದು ಬದುಕಿದ್ದೆವು. ಎಲ್ಲರೂ ಜೀವಂತ ಮರಳಿದ್ದನ್ನು ಬಸವಣ್ಣನ ಮೊದಲ ಕೃಪೆ ಎಂದು ಎಣಿಸಿಕೊಂಡಿದ್ದೆ. ಆದರೆ ಮಗಳು ಸುಣ್ಣದಂತೆ ಬಿಳುಚಿದ್ದಳು. ನಾಲ್ಕು ಹೆಜ್ಜೆಗೆ ಏದುಸಿರು. ಕದ್ದು ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದಳು. ಅಂಥ ಮಗುವಿನ ಹೊಟ್ಟೆಗೆ ಕಾದ ಕಬ್ಬಿಣದಿಂದ ಬರೆ ಎಳೆದರೆ ಚಟ ಬಿಡುತ್ತದೆ, ಬಣ್ಣ ಬರುತ್ತದೆ ಎಂದು ನಮ್ಮ ಓಣಿಯೇ ನಂಬಿತ್ತು.

ಮೊರ ಕೆಳಗಿಟ್ಟು ಅಂಗಳಕ್ಕೆ ಹೋದೆ. ಕೆಂಡದಲ್ಲಿ ಕಡ್ಡಿ ಆಗಲೇ ಕೆಂಪಾಗಿತ್ತು. ಮಗಳನ್ನು ಎತ್ತಿಕೊಂಡೆ.

“ನನಗೂ ಮೂರು ಬರಿ ಹಾಕ್ಯಾರ. ಸತ್ತೀನೇನು ನಾ?” ಎಂದರು ಅತ್ತೆ.

“ಸತ್ತವರು ಬಂದು ಹೇಳಲ್ರಿ ಅತ್ತಿ. ಲಿಂಗ ಕಟ್ಟಿದ ಮೈ ಇದು. ಬೆಂಕಿ ಮುಟ್ಟಗೊಡಲ್ಲ.”

“ನನಗೇ ಧರ್ಮ ಕಲಸ್ತೀ? ಹೊಸ್ತಿಲ ದಾಟಿದ್ರ ನೋಡು!”

“ನೋಡ್ರಿ,” ಎಂದು ದಾಟಿದೆ.

ಅಂಗಡಿಯಲ್ಲಿದ್ದ ನಮ್ಮ ಯಜಮಾನರು ವಿಷಯ ಕೇಳಿ, ಚಪ್ಪಲಿ ಮೆಟ್ಟಿ ನನ್ನ ಜೊತೆ ರೈಲು ಹತ್ತಿದರು. ಅದು ಎರಡನೆಯ ಕೃಪೆ.

ಬೀದರಿನ ದವಾಖಾನೆಯಲ್ಲಿ ಡಾಕ್ಟರು ನೀಲಾಳ ಕೆಳರೆಪ್ಪೆ ಎಳೆದು ತೋರಿಸಿದರು. ಕೆಂಪಿರಬೇಕಾದಲ್ಲಿ ಹಾಲಿನ ಬಿಳುಪು. ರಕ್ತಹೀನತೆ, ಅವರ ಮಾತಿನಲ್ಲಿ ಅನೀಮಿಯಾ.

“ಮಣ್ಣು ತಿಂದೇ ಹೀಂಗಾಗ್ಯದ ಅಂತಾರ್ರಿ ಮನ್ಯಾಗ.”

“ಉಲ್ಟಾ ಅದವ್ವ. ರಕ್ತ ಕಮ್ಮಿ ಆಗ್ಯದ, ಅದಕ್ಕ ಮಣ್ಣು ತಿನ್ಲತ್ತಾಳ. ದಿನಾ ಇಂಥ ಕೂಸುಗಳೇ ಬರ್ತಾವ.”

ಕಾರಣಗಳನ್ನೂ ಬಿಡಿಸಿ ಹೇಳಿದರು. ಬರಿಗಾಲಲ್ಲಿ ಬಯಲಿಗೆ ಹೋದಾಗ ಕೊಕ್ಕೆಹುಳು ಅಂಗಾಲಿನಿಂದ ಮೈಸೇರಿ, ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಗಂಜಿಯಲ್ಲಿ, ಚಹಾದಲ್ಲಿ ಅದ್ದಿದ ರೊಟ್ಟಿಯಲ್ಲಿ ರಕ್ತ ಕಟ್ಟುವ ಕಬ್ಬಿಣಾಂಶ ಸಾಲದು. ಹುಳುವಿಗೊಂದು, ರಕ್ತಕ್ಕೊಂದು ಔಷಧಿ ಬರೆದರು. ಸೊಪ್ಪು, ಬೇಳೆ ತಪ್ಪಿಸಬೇಡಿ ಎಂದರು.

ಮನೆಗೆ ಬಂದರೆ ಅತ್ತೆ ಮಾತು ಬಿಟ್ಟರು. ನಾನು ಓಣಿಯ ಮಕ್ಕಳನ್ನು ಹಿಡಿದು ರೆಪ್ಪೆ ಎಳೆಯತೊಡಗಿದೆ. ಹನ್ನೊಂದರಲ್ಲಿ ಎಂಟು ಬಿಳಿ! “ನಿನ್ನ ಮಗಳಿಗಿ ನೋಡ್ಕೊ, ಡಾಕ್ಟರಮ್ಮ,” ಎಂದು ಒಬ್ಬಾಕೆ ಬಾಗಿಲು ಹಾಕಿಕೊಂಡಳು. ಮರುದಿನ ಮತ್ತೆ ಅದೇ ಬಾಗಿಲು ಬಡಿದೆ.

ಎರಡು ತಿಂಗಳಿಗೆ ನೀಲಾ ಗೋಡೆಯ ಮಣ್ಣು ಮರೆತು ಅಂಗಳದಲ್ಲಿ ಓಡತೊಡಗಿದಳು. ಆ ದಿನಗಳಲ್ಲೇ ಪಕ್ಕದ ಮನೆಯ ಕೂಸಿಗೆಂದು ಬರೆ ಹಾಕುವವನು ಮತ್ತೆ ಬಂದ. ನಾನು ಏಳುವ ಮೊದಲೇ ಅತ್ತೆ ನಮ್ಮ ಬಾಗಿಲಲ್ಲಿ ನಿಂತು ಅವನನ್ನು ತಡೆದಿದ್ದರು.

“ಕಡ್ಡಿ ಚೀಲದಾಗ ಇಡು. ಮೊದಲ ಆ ಕೂಸಿನ ರೆಪ್ಪಿ ನೋಡ್ತೇನಿ.”

ಅವನು ಬರಿಗೈಯಲ್ಲಿ ಹೋದ. ಹಿರಿಯರ ಕಾಲಿಗೆ ಬೀಳುವುದು ಸೊಸೆಯ ಕೆಲಸವೆಂದು ಕಲಿತು ಬಂದವಳು ನಾನು. ಕೂಸಿಗಾಗಿ ಅವರೆದುರು ನಿಲ್ಲುವುದೂ ಅದೇ ಕೆಲಸದಲ್ಲಿ ಸೇರಿದೆ ಎಂದು ಆ ಹುದ್ದೆಯೇ ಕಲಿಸಿತು.

ಅತ್ತೆ ನನ್ನತ್ತ ತಿರುಗಿದರು. “ಏನ್ ನೋಡ್ಲತ್ತೀ? ಪುಂಡಿಪಲ್ಯ ಯಾರು ಸೋಸಬೇಕು?”

ಎರಡು ತಿಂಗಳ ನಂತರದ ಮೊದಲ ಮಾತು. ಮೂರನೆಯ ಕೃಪೆ ಎಂದು ಎಣಿಸಿಕೊಂಡು, ಮೊರ ಎಳೆದು ಸೊಪ್ಪು ಬಿಡಿಸಲು ಕುಳಿತೆ.