ಯಾವ ಕ್ರಾಸ್ ರೀ?

ವಿಜಯನಗರದಲ್ಲಿ ಹುಟ್ಟಿ ಬೆಳೆದ ನನಗೆ ಕ್ರಾಸ್ ಅಂದರೆ ಅಡ್ಡರಸ್ತೆ. ಅದು ಮನುಷ್ಯರ ಹೆಸರೂ ಆಗಬಹುದೆಂದು ತಿಳಿದದ್ದು, ನಮ್ಮ ಮಹಡಿ ಮನೆಗೆ ಇಂಗ್ಲೆಂಡಿನ ತರುಣನೊಬ್ಬ ಬಾಡಿಗೆಗೆ ಬಂದ ಮೇಲೆ. ಇಲ್ಲಿನ ಶಾಲೆಯೊಂದರಲ್ಲಿ ಮೇಷ್ಟ್ರು. ಹೆಸರು ಕೇಳಿದರೆ "ಕ್ರಾಸ್" ಅಂದ. "ಗೊತ್ತು, ನಾಲ್ಕನೇ ಕ್ರಾಸು. ಹೆಸರು ಹೇಳಿ" ಅಂದೆ. ಪಾಪ, ಡೇನಿಯಲ್ ಕ್ರಾಸ್ ಎಂದು ಬಿಡಿಸಿ ಹೇಳಿದ.

ಅವರ ಕಡೆ ಹಿಂದೆ ಊರ ನಡುವೆ, ಸಂತೆ ಕೂಡುವಲ್ಲಿ, ಕಲ್ಲಿನ ಶಿಲುಬೆ ನೆಡುತ್ತಿದ್ದರಂತೆ. ಅದರ ಪಕ್ಕ ಮನೆಯಿದ್ದವರು ಕ್ರಾಸ್, ಬಾವಿ ಪಕ್ಕ ಇದ್ದವರು ವೆಲ್ಸ್, ಗುಡ್ಡದ ಮೇಲಿದ್ದವರು ಹಿಲ್. ನಾವು ಆಟೋದವರಿಗೆ ಹೇಳುವ ಗುರುತುಗಳನ್ನೇ ಅವರು ಮನೆತನದ ಹೆಸರು ಮಾಡಿಕೊಂಡು ಮೆರೆದಿದ್ದಾರೆ. ಇಂಗ್ಲೆಂಡಿನಲ್ಲಿ ಲ್ಯಾಂಕಶೈರ್ ಕಡೆ ಕ್ರಾಸ್‌ಗಳು ಜಾಸ್ತಿ ಎಂದು ಡೇನಿಯಲ್ ಹೆಮ್ಮೆಯಿಂದ ಹೇಳಿದಾಗ ನನಗೆ ನಗು ತಡೆಯಲಿಲ್ಲ. ಆ ಲೆಕ್ಕದಲ್ಲಿ ರಾಜಾಜಿನಗರದಿಂದ ನಾಯಂಡಹಳ್ಳಿವರೆಗೆ ಇರುವವರೆಲ್ಲ ಕ್ರಾಸ್ ವಂಶಸ್ಥರೇ. ಮೇನ್ ರೋಡಿನಲ್ಲಿ ಮನೆಯಿರುವ ಸ್ವಲ್ಪ ಅನುಕೂಲಸ್ಥರು ಮೇನ್ ವಂಶದವರು, ಅಷ್ಟೇ.

ಹೀಗಿರುವಾಗ ಮೆಟ್ರೋ ನೂಕುನುಗ್ಗಲಿನಲ್ಲಿ ಡೇನಿಯಲ್‌ನ ಕನ್ನಡಕ ಬಿದ್ದು ಪುಡಿಯಾಯಿತು. ಅದಿಲ್ಲದೆ ಅವನಿಗೆ ಲೋಕವೇ ಮಸುಕು. ಕರೆಂಟ್ ಕಂಬಕ್ಕೆ "ನಮಸ್ಕಾರ ಸಾರ್" ಅಂದದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಚರಂಡಿಗೆ ಕಾಲಿಟ್ಟು ಮಂಡಿ ತರಚಿಕೊಂಡು ಬಂದಾಗ ಮಾತ್ರ ನಗದೆ ನಾನೇ ಅರಿಶಿನ ಹಚ್ಚಿದೆ. ಊರಿನಿಂದ ಅವನ ತಾಯಿ ಇನ್ನೊಂದು ಜೊತೆ ಕಳಿಸಿದರು. ವಿಳಾಸದಲ್ಲಿ ಕ್ರಾಸ್ ಎರಡು ಸಲ ಬಂದಿದೆ, ಮಗ ಕೈತಪ್ಪಿ ಬರೆದಿದ್ದಾನೆ ಅಂದುಕೊಂಡು ಆ ಮಹಾತಾಯಿ ರಸ್ತೆಯ ಕ್ರಾಸನ್ನು ಹೊಡೆದುಹಾಕಿ ಮಗನದನ್ನು ಉಳಿಸಿಕೊಂಡಿದ್ದರು.

ಡೇನಿಯಲ್‌ನ ಮೊಬೈಲಿಗೆ, ನನ್ನೆದುರೇ, ಕೊರಿಯರ್‌ನವನ ಫೋನ್ ಬಂತು. ಉತ್ತರ ಕರ್ನಾಟಕದ ಹುಡುಗ. "ಯಾವ ಕ್ರಾಸ್ ರೀ ಸರ?"

"ಡೇನಿಯಲ್ ಕ್ರಾಸ್."

"ಆ ಕ್ರಾಸ್ ಇಲ್ಲಿ ಇಲ್ರೀ. ಚಂದ್ರಾ ಲೇಔಟ್ ತನಕ ಕೇಳ್ಕೋತ ಬಂದೀನಿ. ಇವತ್ತ ಸಿಗಲಿಲ್ಲಂದ್ರ ಪಾರ್ಸೆಲ್ ವಾಪಸ್ ಹೊಕ್ಕೈತ್ರೀ."

ಡೇನಿಯಲ್‌ನ ಮುಖ ಬಿಳುಚಿತು, ಮೊದಲೇ ಬಿಳಿ. ನಾನು ಫೋನ್ ಇಸಿದುಕೊಂಡೆ. "ನೋಡಪ್ಪ, ಹಿಂದೆ ಇಂಗ್ಲೆಂಡಿನಲ್ಲಿ ಸಂತೆ ಬೀದಿ ಅಂತ ಇರ್ತಿತ್ತು..." ಎಂದು ಮೂಲದಿಂದ ಶುರುಮಾಡಿದೆ.

"ಸಂತಿ ಬೀದಿ ಎಲ್ಲಿ ಬರ್ತದ್ರೀ ಸರ?"

ನನ್ನ ಹೆಂಡತಿ ಸರಳಾ ಅಡುಗೆಮನೆಯಿಂದ ಬಂದು ಫೋನ್ ಕಿತ್ತುಕೊಂಡಳು. "ನಾಲ್ಕನೇ ಕ್ರಾಸ್ ಕಣಪ್ಪಾ, ರಾಗಿ ಮಿಲ್ ಎದುರು, ಹಸಿರು ಗೇಟು." ಪಾರ್ಸೆಲ್ ಬಂತು.

ಕನ್ನಡಕ ಏರಿಸಿದ ಡೇನಿಯಲ್ ಸೀದಾ ರಸ್ತೆಯ ಮೂಲೆಗೆ ನಡೆದು, ನಾಲ್ಕನೇ ಕ್ರಾಸ್ ಎಂಬ ಬೋರ್ಡಿನ ಕೆಳಗೆ ನಿಂತು, ಫೋಟೋ ತೆಗೆಯಿರಿ ಅಂದ. ಅಮ್ಮನಿಗೆ ಕಳಿಸಬೇಕಂತೆ. ಆ ಕಲ್ಲಿನ ಶಿಲುಬೆ ಯಾವ ಊರಿನದೋ ಅವರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎಷ್ಟೋ ತಲೆಮಾರಿನ ಮೇಲೆ ಕ್ರಾಸಿನಲ್ಲಿ ವಾಸಕ್ಕೆ ಬಂದ ಮೊದಲ ಕ್ರಾಸ್ ತಾನೇ ಅಂದ.

ನನ್ನ ಹೊಟ್ಟೆ ಸಣ್ಣಗೆ ಉರಿಯಿತು. ನನ್ನ ಹೆಸರಿನ ಮುಂದೆಯೂ ಒಂದು ಹೆಚ್ ಇದೆ, ಹೊಸಹಳ್ಳಿಯ ಹೆಚ್. ನಾಡಿನಲ್ಲಿ ಹೊಸಹಳ್ಳಿಗಳಿಗೆ ಬರವಿಲ್ಲ. ನಮ್ಮದು ಯಾವುದೆಂದು ಅಪ್ಪನನ್ನು ಕೇಳೋಣವೆಂದರೆ ಅವರೀಗ ಇಲ್ಲ.

"ನೀವೂ ಬನ್ನಿ ಸಾರ್" ಅಂದ ಡೇನಿಯಲ್. ಫೋನನ್ನು ಹಿಂದೆಯೇ ಬಂದಿದ್ದ ಸರಳಾಳ ಕೈಗೆ ಕೊಟ್ಟು, ಬೋರ್ಡಿನ ಕೆಳಗೆ ಅವನನ್ನು ಸ್ವಲ್ಪ ಆಚೆ ಸರಿಸಿ, ನಾನೂ ನಿಂತುಕೊಂಡೆ.