ತುಂಗಭದ್ರೆಗೆ ಬಿಟ್ಟ ಗುಳಿಗೆಗಳು

ಗಳಗನಾಥದ ಗಳಗೇಶ್ವರನನ್ನು ನಂಬಿದ ಹಿರಿಯರಿಗೂ ಕಿರಿಯರಿಗೂ ಕುಪ್ಪೇಲೂರಿನ ರೈತನೊಬ್ಬನ ಶರಣು. ನನ್ನ ಹೆಂಡತಿ ಗಂಗವ್ವನಿಗೆ ಬಂದ ರಕ್ತದ ಕ್ಯಾನ್ಸರಿನ ವಿಷಯ ಬರೆಯಲು ಕುಳಿತಿದ್ದೇನೆ. ಅದಕ್ಕಿಂತ ಹೆಚ್ಚಾಗಿ ಇದು ನನ್ನ ಬಾಯಿಯ ವಿಷಯ. ಈ ಬಾಯಿಂದ ಅವಳು ಹೋಗಬೇಕಿತ್ತು, ಸ್ವಾಮಿ ಉಳಿಸಿಕೊಟ್ಟ.

ಮೂರು ವರ್ಷದ ಹಿಂದಿನ ಶ್ರಾವಣದಲ್ಲಿ ಅರ್ಧ ರೊಟ್ಟಿ ತಿಂದರೆ ಅವಳಿಗೆ ಹೊಟ್ಟೆ ತುಂಬುತ್ತಿತ್ತು. ಎಡಪಕ್ಕೆಯ ಕೆಳಗೆ ಏನೋ ಭಾರ. ನಾನು ಗ್ಯಾಸು ಅಂದೆ. ಕಳೆ ತೆಗೆಯುವಾಗ ಎಲ್ಲರಿಗಿಂತ ಒಂದು ಸಾಲು ಮುಂದೆ ಇರುವ ಹೆಂಗಸು ಅವಳು. ಅಂಥವಳು ಒಂದು ದಿನ ಬದುವಿನ ಮೇಲೆ ಕುಂತವಳು ಏಳಲೇ ಇಲ್ಲ. ರಾಣೆಬೆನ್ನೂರಿನಲ್ಲಿ ರಕ್ತ ತೋರಿಸಿದೆವು, ಹಾವೇರಿಯಲ್ಲಿ ಮತ್ತೊಮ್ಮೆ ತೋರಿಸಿದೆವು. ಹಾವೇರಿಯ ಡಾಕ್ಟರು ಏನೂ ಹೇಳದೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಹುಬ್ಬಳ್ಳಿಯಲ್ಲಿ ನೋಡಿದವರು ಒಬ್ಬ ಮೇಡಮ್. ವಯಸ್ಸು ಸಣ್ಣದು, ಮಾತು ನಮ್ಮ ಕಡೆಯದೇ. ರಕ್ತದ ಕ್ಯಾನ್ಸರು ಎಂದು ಹೇಳಿ, ನನ್ನ ಮುಖ ನೋಡಿ, "ಹೊಲ ಐತೇನ್ರಿ?" ಎಂದು ಕೇಳಿದರು.

"ಐತ್ರಿ."

"ಹಂಗಾರ ಜೇಕಿನ ಕಳೆ ಗೊತ್ತಿರಬೇಕು. ಎಡಿಕುಂಟಿ ಹೊಡದ್ರ ಮ್ಯಾಲಿನ ಹುಲ್ಲು ಹೋಗತೈತಿ, ಗಡ್ಡಿ ನೆಲದಾಗ ಮಲಗಿರತೈತಿ. ಈ ಬ್ಯಾನಿಗೂ ಎಲುಬಿನೊಳಗ ಅಂಥಾ ತಾಯಿಕಣ ಅದಾವ. ನಾ ಕೊಡೂ ಗುಳಿಗಿ ಅವು ಹಡೆದ ಮರಿಗಳ್ನ ಕೊಲ್ಲತೈತಿ. ಮಲಗಿದ ತಾಯಿ ಅದಕ್ಕ ಸಿಗೂದಿಲ್ಲ. ರಕ್ತ ಚಲೋ ಆತಂತ ಗುಳಿಗಿ ಬಿಟ್ರಿ ಅಂದ್ರ ತಾಯಿ ಏಳತೈತಿ. ದಿನಾ ಒಂದು, ತಪ್ಪಿಸಬ್ಯಾಡ್ರಿ."

ನಲವತ್ತು ವರ್ಷ ಜೇಕು ಕಿತ್ತ ನನಗೇ ಜೇಕಿನ ಪಾಠ ಹೇಳುತ್ತಾರಲ್ಲ ಎಂದು ಒಳಗೊಳಗೇ ನಗು ಬಂತು. ತಲೆ ಆಡಿಸಿದೆ. ಮಾತು ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು.

ಮನೆಗೆ ಬಂದವನೇ ಗಳಗನಾಥದ ಕಡೆ ಮುಖ ಮಾಡಿ ಹರಕೆ ಹೊತ್ತೆ. ಇವಳ ರಕ್ತ ನೆಟ್ಟಗಾದರೆ ಹೊಳೆಯಿಂದ ಗುಡಿಯ ತನಕ ದೀಡ ನಮಸ್ಕಾರ ಹಾಕುತ್ತೇನೆ ಎಂದೆ. ಸ್ವಾಮಿ ಕೇಳಿದ. ವರ್ಷ ತುಂಬುವುದರೊಳಗೆ ರಿಪೋರ್ಟು ನೋಡಿ ಮೇಡಮ್ ನಕ್ಕರು. ಗಂಗವ್ವ ಮತ್ತೆ ನನ್ನ ಜೊತೆ ಜಗಳ ತೆಗೆದಳು, ಅದೇ ನನಗೆ ದೊಡ್ಡ ರಿಪೋರ್ಟು. ಎರಡು ಹೊಳೆ ಕೂಡುವಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಉದ್ದಕ್ಕೆ ಬಿದ್ದು ಎದ್ದು ಹರಕೆ ಮುಟ್ಟಿಸಿದೆ. ಮೊಣಕಾಲು ಕಿತ್ತು ಹೋದದ್ದೂ ಗೊತ್ತಾಗಲಿಲ್ಲ, ಅಷ್ಟು ಸಂತೋಷ.

ತಪ್ಪು ನಡೆದದ್ದು ಅವತ್ತೇ. ಹರಕೆ ಮುಟ್ಟಿದ ಮೇಲೆ ಆ ಬೇನೆಯ ಔಷಧ ಮನೆಯಲ್ಲಿ ಇಡಬಾರದು, ಇಟ್ಟರೆ ದೇವರ ಮೇಲೆ ಅನುಮಾನ ಪಟ್ಟಂತೆ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ನನ್ನ ಕಾಲಿನ ಇಸಬು ಮಾಯ್ದಾಗ ಮುಲಾಮಿನ ಡಬ್ಬಿಯನ್ನು ಹೊಳೆಗೆ ಬಿಟ್ಟವಳು ಅವಳು. ನಾನು ಗಂಗವ್ವನ ಚೀಲದಿಂದ ಗುಳಿಗೆಯ ಪಟ್ಟಿಗಳನ್ನು ತೆಗೆದೆ.

"ಮೇಡಮ್ಮಾರು ಬಿಡಬ್ಯಾಡ್ರಿ ಅಂದಾರಲ್ರಿ," ಎಂದಳು ಅವಳು.

"ನಿನಗ ಸ್ವಾಮಿ ಮ್ಯಾಲೆ ನಂಬಿಗಿ ಐತೋ ಇಲ್ಲೋ?"

ಅವಳು ಚೀಲದ ಬಾಯಿ ಕಟ್ಟಿದಳು. ಒಂದೊಂದೇ ಗುಳಿಗೆ ಬಿಡಿಸಿ ತುಂಗಭದ್ರೆಗೆ ಬಿಟ್ಟೆ. ಆಸ್ಪತ್ರೆಯ ಕಡೆಗೂ ಹಾಯಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಸೊಕ್ಕು.

ಏಳು ತಿಂಗಳಾಗಿರಬೇಕು. ದೀಪಾವಳಿಯ ಹೋಳಿಗೆಯನ್ನು ಅವಳು ಅರ್ಧಕ್ಕೇ ಬಿಟ್ಟಳು. ಎಡಪಕ್ಕೆ ಹಿಡಿದುಕೊಂಡು ನನ್ನ ಕಡೆ ನೋಡಿದಳು.

ಹುಬ್ಬಳ್ಳಿಯಲ್ಲಿ ರಕ್ತ ನೋಡಿ ಮೇಡಮ್ಮರ ಮುಖ ಇಳಿಯಿತು. "ಗುಳಿಗಿ ತಪ್ಪಿಸೀರೇನ್ರಿ?" ಎಂದು ಗಂಗವ್ವನನ್ನು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ಮುಂದೆ ಬಿದ್ದೆ: "ಇಲ್ರಿ, ಒಂದ ದಿನಾನೂ ತಪ್ಪಿಸಿಲ್ರಿ. ಬ್ಯಾರೆ ಊರಾಗಿದ್ವಿ, ಅಲ್ಲೇ ತಗೊಂಡ್ವಿ."

ಬೈಸಿಕೊಳ್ಳುವ ಹೆದರಿಕೆ, ಮತ್ತೇನೂ ಅಲ್ಲ. ಗಂಗವ್ವ ನನ್ನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. ನಾಲ್ಕು ಜನರ ಮುಂದೆ ಗಂಡನ ಮಾನ ಹೋಗಬಾರದೆಂದು ತನ್ನ ಜೀವವನ್ನೇ ಪಣಕ್ಕಿಟ್ಟಳು ಅಂತ ನನಗೆ ಆಗ ಹೊಳೆಯಲಿಲ್ಲ.

ಮೇಡಮ್ ಹಳೆಯ ರಿಪೋರ್ಟುಗಳನ್ನು ಮುಂದೆ ಹರವಿದರು. ದಿನಾ ತೆಗೆದುಕೊಂಡೂ ಹೀಗಾಗಿದೆ ಎಂದರೆ ಕಣಗಳು ಬದಲಾಗಿ ಗುಳಿಗೆಗೆ ಬಗ್ಗದಂತಾಗಿರಬೇಕು, ಅದನ್ನು ತಿಳಿಯಲು ರಕ್ತವನ್ನು ಬೇರೆ ಪರೀಕ್ಷೆಗೆ ಕಳಿಸುತ್ತೇನೆ ಎಂದರು. ಬೇರೆ ಗುಳಿಗೆಯೂ ಹತ್ತದಿದ್ದರೆ ಒಡಹುಟ್ಟಿದವರ ಎಲುಬಿನ ಮಜ್ಜೆ ಹಾಕಬೇಕಾದೀತು. ಅದು ಜೀವಕ್ಕೆ ಅಪಾಯದ ಚಿಕಿತ್ಸೆ ಎಂದೂ ಹೇಳಿದರು. ಎರಡು ವಾರ ಬಿಟ್ಟು ಬರಬೇಕಿತ್ತು.

ಅವಳ ತಮ್ಮ ನಿಂಗಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಸ್ಥ. ಸುದ್ದಿ ಕೇಳಿ ಅಂಗಡಿಯಿಂದ ಎದ್ದವನು ಅದೇ ಅಂಗಿಯಲ್ಲಿ ಮನೆಗೆ ಬಂದ. ಅವನು ಒಳಗೆ ಕಾಲಿಟ್ಟರೆ ಘಾಟಿಗೆ ಎಲ್ಲರೂ ಸೀನುತ್ತಿದ್ದರು. "ಅಕ್ಕಾ, ಮಜ್ಜಿ ಏನು, ಎಲುಬ ತಗೋ," ಎಂದು ಅತ್ತ. ಅವಳೇ ಅವನ ಬೆನ್ನು ಸವರಿ ಸಮಾಧಾನ ಮಾಡಿದಳು. ನಾನು ದನದ ಕೊಟ್ಟಿಗೆಗೆ ಹೋಗಿ ನಿಂತೆ. ನಾನು ಹೇಳಿದ ಒಂದು ಸುಳ್ಳಿಗೆ ಮೈ ಕೊಡಲು ಬಂದಿದ್ದನಲ್ಲ ಆ ಹುಚ್ಚಪ್ಪ.

ಎರಡು ವಾರ ತುಂಬುವ ಮೊದಲಿನ ಸೋಮವಾರ ಇಬ್ಬರೂ ಹಾವೇರಿಗೆ ಹೋಗಿ ಗಳಗನಾಥದ ಬಸ್ಸು ಹಿಡಿದೆವು. ಗಂಗವ್ವ ಕಂಬಕ್ಕೆ ಒರಗಿ ಕುಂತಳು. ನಾನು ಗರ್ಭಗುಡಿಯ ಮುಂದೆ ನಿಂತು ಸ್ವಾಮಿಯನ್ನೇ ಜಗಳಕ್ಕೆ ಕರೆದೆ. ಮೊಣಕಾಲು ಕಿತ್ತುಕೊಂಡು ಹರಕೆ ಮುಟ್ಟಿಸಿದೆ, ನಿನ್ನನ್ನು ನಂಬಿ ಔಷಧ ಬಿಟ್ಟೆ, ನನಗ್ಯಾಕೆ ಮೋಸ ಮಾಡಿದೆ ಎಂದು ಕೇಳಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಇನ್ನೇನು ಮಾಡಲಿ, ದಾರಿ ತೋರಿಸು ಎಂದು ನೆಲಕ್ಕೆ ಹಣೆ ಹಚ್ಚಿದೆ.

ತಲೆ ಎತ್ತಿದಾಗ ಮಂಗಳಾರತಿ ಮುಗಿದಿತ್ತು. ವಯಸ್ಸಾದ ಪೂಜಾರಿ ಅಜ್ಜ ನಮಗೆ ತೀರ್ಥ ಕೊಟ್ಟು, ಬಾಗಿಲ ಪಕ್ಕ ಕುಳಿತು ಬುತ್ತಿ ಬಿಚ್ಚಿದರು. ಸೊಂಟದ ಸಂಚಿಯಿಂದ ಒಂದು ಗುಳಿಗೆ ತೆಗೆದು, ಸ್ವಾಮಿಯ ಕಡೆ ಒಮ್ಮೆ ಕೈ ಮುಗಿದು, ಬಾಯಿಗೆ ಹಾಕಿ ನೀರು ಕುಡಿದರು.

ನಾನು ಅವರ ಹತ್ತಿರ ಹೋದೆ. "ಅಜ್ಜಾರ, ನೀವೂ ಗುಳಿಗಿ ತಗೋತೀರೇನ್ರಿ?"

"ಸಕ್ಕರಿ ಬ್ಯಾನಿ ತಮ್ಮಾ. ಹತ್ತು ವರ್ಷ ಆತು."

"ದೇವರ ಮುಂದ?"

"ಮತ್ತ, ಅಂವಗ ಗೊತ್ತಿಲ್ಲದಂಗ ತಗೋಳ್ಳೇನು? ದಿನಾ ತಗೋಳಾಕ ನೆನಪು ಮಾಡಾಂವ ಅಂವನ."

ಹಿಂದಿನಿಂದ ಗಂಗವ್ವನ ನಗು ಕೇಳಿಸಿತು. ದೀಪಾವಳಿಯಿಂದ ಈಚೆಗೆ ಅವಳು ನಕ್ಕಿದ್ದು ಅದೇ ಮೊದಲು. ನಾನು ಅಲ್ಲೇ ಕುಂತು, ಹೊಳೆಗೆ ಬಿಟ್ಟದ್ದು, ಸುಳ್ಳು ಹೇಳಿದ್ದು ಎಲ್ಲ ಅಜ್ಜಾರ ಮುಂದೆ ಒಪ್ಪಿಕೊಂಡೆ. ಅವರು ಬುತ್ತಿಯ ರೊಟ್ಟಿ ಮುರಿದು ನಮ್ಮಿಬ್ಬರ ಕೈಗೂ ಕೊಟ್ಟರು. "ನನ್ನ ಮುಂದ ಹೇಳಿದ್ರ ಏನು ಬಂತು? ಯಾರ ಮುಂದ ಸುಳ್ಳು ಹೇಳೀಯೋ ಅವರ ಮುಂದ ಹೇಳು. ಲಗೂ ಹೋಗು," ಎಂದರು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಮೇಡಮ್ಮರ ಮುಂದೆ ನಿಂತು ಹೇಳಿದೆ. ಮೀಸೆ ಬೆಳ್ಳಗಾದ ನಾನು ಶಾಲೆ ತಪ್ಪಿಸಿದವನಂತೆ ನಿಂತಿದ್ದೆ. ಬೈದರು, ಚೆನ್ನಾಗಿಯೇ ಬೈದರು. ಆಮೇಲೆ ಮೇಜಿನ ಮೇಲಿದ್ದ ಕಾಗದ ತಿರುಗಿಸಿ ತೋರಿಸಿದರು.

"ನಿನ್ನೆ ಸಂಜಿಕ ಈ ರಿಪೋರ್ಟ್ ಬಂತು. ಕಣ ಬದಲಾಗಿಲ್ಲ ಅಂತೈತಿ. ಬದಲಾಗದ ಕಣ ಗುಳಿಗಿಗೆ ಯಾಕ ಬಗ್ಗಲಿಲ್ಲ ಅಂತ ತಲಿ ಕೆಡಿಸ್ಕೊಂಡು ಕುಂತಿದ್ದೆ. ಬಗ್ಗೂದಿಲ್ಲ ಅಂತಲ್ಲ, ನೀವು ಎಡಿ ಹೊಡೆಯೋದ ಬಿಟ್ಟೀರಿ. ಹಳೇ ಗುಳಿಗೀನ ಇವತ್ತಿಂದ ಶುರು ಮಾಡೂಣು."

ಮೂರು ತಿಂಗಳಿಗೆ ರಕ್ತದಲ್ಲಿನ ಬೇನೆ ಇಳಿಮುಖವಾಯಿತು. ವರ್ಷಕ್ಕೆ ಹುಡುಕಿದರೂ ಸಿಗದಷ್ಟಾಯಿತು. ನಿಂಗಪ್ಪನ ಎಲುಬು ಅವನ ಹತ್ತಿರವೇ ಉಳಿಯಿತು. ತಾಯಿಕಣ ಒಳಗೆ ಮಲಗಿಯೇ ಇರಬಹುದು ಎನ್ನುತ್ತಾರೆ ಮೇಡಮ್. ಇರಲಿ. ಈಗ ನನಗೆ ಅದರ ಹೆದರಿಕೆ ಕಡಿಮೆ, ನನ್ನ ಸೊಕ್ಕಿನ ಹೆದರಿಕೆ ಹೆಚ್ಚು.

ಬೇನೆ ತೆಗೆ ಎಂದು ನಾನು ಬೇಡಿದ್ದೆ. ಸ್ವಾಮಿ ಮೊದಲು ನನ್ನ ಸುಳ್ಳು ತೆಗೆದ. ಔಷಧ ಬಿಡುವುದೇ ನಂಬಿಕೆ ಎಂದು ತಿಳಿದ ಅಣ್ಣತಮ್ಮಂದಿರು ಯಾರಾದರೂ ಇದ್ದರೆ, ನನ್ನ ಮೊಣಕಾಲಿನ ಕಲೆ ಬಂದು ನೋಡಿರಿ.

ಈಗ ಹೊಸ ಹರಕೆ ಹೊತ್ತಿದ್ದೇನೆ. ಬೀಳುವುದಿಲ್ಲ, ಏಳುವುದಿಲ್ಲ. ದಿನಾ ಮಧ್ಯಾಹ್ನ ಅವಳ ಊಟ ಆದ ಮೇಲೆ ನನ್ನ ಕೈಯಿಂದಲೇ ಗುಳಿಗೆ ಮತ್ತು ತಂಬಿಗೆ ನೀರು ಕೊಡುವುದು, ಅಷ್ಟೇ. ಹೊಲದಲ್ಲಿದ್ದರೂ ಬರುತ್ತೇನೆ. ಗಂಗವ್ವ ಗುಳಿಗೆ ನುಂಗಿ ಸೆರಗಿನಿಂದ ಬಾಯಿ ಒರೆಸಿಕೊಂಡು ದಿನಾ ಕೇಳುತ್ತಾಳೆ:

"ಏನ್ರಿ, ಇವತ್ತಿಗೆ ಹರಕಿ ಮುಟ್ಟಿತೇನು?"

"ಇಲ್ಲ," ಎನ್ನುತ್ತೇನೆ. "ನಾಳೆ ಐತಿ."